ಮಿಂಚಂಚೆಯ ಅಡಕ

ಸರ್ಕಾರಿ ಕಚೇರಿಗಳಿಂದ ಹೊರಡುವ ಪತ್ರಗಳನ್ನು ನೋಡಿದವರಿಗೆ, ಅವುಗಳ ಕೊನೆಯಲ್ಲಿ ಎಡಬದಿಗೆ ‘ಅಡಕ’ ಎಂಬ ಮಾತು ಇರುವುದು ಗೊತ್ತಿರುತ್ತದೆ. ಗುಬ್ಬಿಯ ತಾಲ್ಲೂಕು ಕಚೇರಿಯಿಂದ ತುಮಕೂರಿನ ಜಿಲ್ಲಾಧಿಕಾರಿಗಳ ಕಚೇರಿಗೆ ಒಂದು ವರದಿ ಹೋಗಬೇಕೆನ್ನೋಣ. ಪತ್ರ ಒಂದು ಪುಟ. ಅದರ ಹಿಂದೆ ಗುಂಡುಸೂಜಿಯಿಂದ ಚುಚ್ಚಿದ ಪಹಣಿಯ ನಕಲೋ ನಕ್ಷೆಯೋ ನಾಲ್ಕು ಪುಟ. ಪತ್ರ ಬೇರೆ, ಅಡಕ ಬೇರೆ. ಎರಡನ್ನೂ ಹಿಡಿದಿರುವುದು ಸೂಜಿ. ಗಣಕಯಂತ್ರದಲ್ಲಿ ಮಿಂಚಂಚೆ ಬರೆದು ಅದರೊಡನೆ ಒಂದು ಕಡತವನ್ನು ಕಳುಹಿಸಬೇಕಾದಾಗ ನಾವು ಒತ್ತುವ ಗುರುತು ಕೂಡ ಕಾಗದಗಳನ್ನು ಹಿಡಿದಿಡುವ ಕ್ಲಿಪ್ಪಿನ ಚಿತ್ರವೇ ಆಗಿದೆ. ಆದುದರಿಂದ ಇಲ್ಲಿಯೂ ಪತ್ರ ಒಂದು ಕಡೆ, ಕಡತ ಒಂದು ಕಡೆ ಇದ್ದು, ಕಣ್ಣಿಗೆ ಕಾಣದ ಸೂಜಿಯೊಂದು ಎರಡನ್ನೂ ಕೂಡಿಸಿ ಹಿಡಿದಿದೆಯೆಂದು ನಾವು ನಂಬಿಬಿಡುತ್ತೇವೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಈ ನಂಬಿಕೆ ಸರಿಯಲ್ಲವೆಂದು ತಿಳಿದುದು ನನ್ನ ಕೈಯಿಂದಲೇ ನಡೆದ ಒಂದು ಅಚಾತುರ್ಯದಿಂದ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತೇನೆ. ತರಗತಿಯಲ್ಲಿ 58 ಮಂದಿ. ಗುಬ್ಬಿಯ ಕಡೆಯಿಂದ ರೈಲಿನಲ್ಲಿ ಬರುವವರು ಕೆಲವರು, ಕುಣಿಗಲಿನಿಂದ ಬಸ್ಸಿನಲ್ಲಿ ಬರುವವರು ಕೆಲವರು. ಆಂತರಿಕ ಪರೀಕ್ಷೆಯ ಅಂಕಪಟ್ಟಿಯನ್ನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸಬೇಕಾಗಿತ್ತು. ಸಹಿ ಮಾಡಿದ ಹಾಳೆಯ ಚಿತ್ರವಾದುದರಿಂದ ಪ್ರತಿಯೊಂದು ಕಡತವೂ ಸುಮಾರು 400 ಕಿಲೋಬೈಟುಗಳಷ್ಟಿತ್ತು. ಐವತ್ತೆಂಟು ಬಾರಿ ಕ್ಲಿಪ್ಪಿನ ಗುರುತನ್ನು ಒತ್ತುವುದು ಬೇಸರದ ಕೆಲಸ. ಅದಕ್ಕಾಗಿ ಇಪ್ಪತ್ತು ಸಾಲುಗಳ ಒಂದು ಕ್ರಮವಿಧಿಯನ್ನು ಬರೆದು, ಮೊದಲ ಅಂಕಪಟ್ಟಿಯನ್ನು ನನ್ನ ವಿಳಾಸಕ್ಕೇ ಕಳುಹಿಸಿ ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆಯೆಂದು ತೃಪ್ತನಾಗಿ, ರಾತ್ರಿ ಒಂಬತ್ತು ಗಂಟೆಗೆ ಅದನ್ನು ನಡೆಸಿದೆ.

ಸ್ವಲ್ಪ ಹೊತ್ತಿನಲ್ಲಿ ಯಂತ್ರ ನಿಂತಿತು. 46ನೆಯ ಪತ್ರವು ಮಿತಿಯನ್ನು ಮೀರಿದೆ, ಸ್ವೀಕರಿಸಲಾಗದು ಎಂಬ ಉತ್ತರ ಬಂದಿತ್ತು. ಒಂದು ಪತ್ರಕ್ಕೆ ಇದ್ದ ಮಿತಿ 25 ಮೆಗಾಬೈಟು. ನಾಲ್ಕುನೂರು ಕಿಲೋಬೈಟಿನ ಕಡತ ಅದನ್ನು ಮೀರುವುದೆಂದರೇನು? ಇದನ್ನು ಯೋಚಿಸುತ್ತಿರುವಾಗಲೇ ಗುಬ್ಬಿಯ ಒಬ್ಬ ಹುಡುಗನಿಂದ ದೂರವಾಣಿಯ ಕರೆ ಬಂತು. ಪಟ್ಟಿಯಲ್ಲಿ ಅವನದು 21ನೆಯ ಹೆಸರು. “ಸಾರ್, ನನ್ನ ಮಾರ್ಕ್ಸ್ ಕಾರ್ಡ್ ಜೊತೆಗೆ ಇನ್ನೂ ಇಪ್ಪತ್ತು ಜನರದು ಬಂದಿದೆಯಲ್ಲ ಸಾರ್” ಎಂದ.

ಮೊದಲನೆಯವನಿಗೆ ಒಂದು ಹಾಳೆ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಮೂರು. ಹೀಗೆ ನಲವತ್ತೈದನೆಯವನಿಗೆ ನಲವತ್ತೈದು ಹಾಳೆಗಳು ಹೋಗಿದ್ದವು. ಕೂಡಿದರೆ 1,035. ಅವುಗಳಲ್ಲಿ ಸೇರಬೇಕಾದವರಿಗೆ ಸೇರಿದುವು 45. ಉಳಿದ 990 ಹಾಳೆಗಳು ಪರರ ಕೈಗೆ ಬಿದ್ದಿದ್ದುವು.

ನಾನು ಓದುತ್ತಿದ್ದಾಗ ಅಂಕಗಳನ್ನು ಸೂಚನಾಫಲಕಕ್ಕೆ ಅಂಟಿಸುತ್ತಿದ್ದರು. ಎಲ್ಲರೂ ಎಲ್ಲರದನ್ನೂ ಓದುತ್ತಿದ್ದರು. ಹಾಗಿರುವಾಗ ಇದೇನು ಮಹಾ ಎಂದು ಒಬ್ಬ ಸಹೋದ್ಯೋಗಿ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಫಲಕದಲ್ಲಿ ಹಾಕುವುದಾಗಿ ಮೊದಲೇ ಹೇಳಿ ಹಾಕುವುದು ಒಂದು. ನಿನಗೊಬ್ಬಳಿಗೇ ಎಂದು ಹೇಳಿ ಊರಿಗೆಲ್ಲ ಹಂಚುವುದು ಮತ್ತೊಂದು. ಪಟ್ಟಿಯಲ್ಲಿ ಮೂರನೆಯ ಹೆಸರು ಕುಣಿಗಲಿನ ಒಬ್ಬ ವಿದ್ಯಾರ್ಥಿನಿಯದು. ಆ ಸಲ ಆಕೆಗೆ ಬಂದ ಅಂಕಗಳು ಬಹಳ ಕಡಮೆ. ಮರುದಿನ ಆಕೆ ತರಗತಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಹೀಗೆ ನನ್ನ ಮುಂದೆ ಎರಡು ಪ್ರಶ್ನೆಗಳಿದ್ದುವು. ಒಬ್ಬರ ಪತ್ರಕ್ಕೆ ಎಲ್ಲರ ಹಾಳೆಗಳೂ ಹೇಗೆ ಸೇರಿಕೊಂಡವು? ಅದು ಹಾಗಿರಲಿ, ಸೇರಿಕೊಂಡರೂ ಯಂತ್ರ 46ರಲ್ಲೇ ಏಕೆ ನಿಂತಿತು? ನಲವತ್ತಾರು ಹಾಳೆಗಳೆಂದರೆ 18,400 ಕಿಲೋಬೈಟು, ಅಂದರೆ 18.4 ಮೆಗಾಬೈಟು. ಐವತ್ತೆಂಟೂ ಸೇರಿದರೂ 23.2 ಮೆಗಾಬೈಟು ಮಾತ್ರ. 25ರ ಮಿತಿಯನ್ನು ಅದು ಮುಟ್ಟಲೇಬಾರದು. ನಿಂತಿತೇಕೆ ಎಂಬ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದಾಗಲೇ ಮಿಂಚಂಚೆಯ ಅಡಕವೆಂದರೆ ಏನೆಂಬುದು ನನಗೆ ತಿಳಿಯಿತು. ಮೊದಲು ಅದನ್ನೇ ನೋಡೋಣ.

ತಂತಿಯ ಮೂಲಕ ಪಾರ್ಸೆಲ್

ಹಿಂದೆ ಅಂಚೆ ಕಚೇರಿಯಲ್ಲಿ ಎರಡು ಬಗೆಯ ಸೇವೆಗಳು ಇದ್ದುದನ್ನು ಹಿರಿಯರು ಬಲ್ಲರು. ಒಂದು ಪಾರ್ಸೆಲ್, ಮತ್ತೊಂದು ತಂತಿ. ನಮ್ಮ ದೇಶದಲ್ಲಿ ತಂತಿಯ ಸೇವೆ 2013ನೆಯ ಇಸವಿಯ ಜುಲೈ ತಿಂಗಳಲ್ಲಿ ನಿಂತುಹೋಯಿತು. ಗುಬ್ಬಿಯ ವರ್ತಕನೊಬ್ಬ ತನ್ನ ಅಡಿಕೆಯ ಮಾದರಿಯನ್ನು ದೂರದ ಊರಿಗೆ ಪಾರ್ಸೆಲ್ಲಿನಲ್ಲಿ ಕಳುಹಿಸಬಹುದಾಗಿತ್ತು, ತಂತಿಯಲ್ಲಿ ಕಳುಹಿಸಲಾಗುತ್ತಿರಲಿಲ್ಲ. ತಂತಿಯಲ್ಲಿ ಹೋಗುವುದು ಅಕ್ಷರ ಮಾತ್ರ. ಅಡಿಕೆಯ ಬಣ್ಣ, ಗಾತ್ರ, ತೂಕಗಳನ್ನು ಅಕ್ಷರಗಳಲ್ಲಿ ವರ್ಣಿಸಬಹುದೇ ಹೊರತು ಅಡಿಕೆಯನ್ನೇ ತುಂಬಲು ಸಾಧ್ಯವಿಲ್ಲ.

ಮಿಂಚಂಚೆಯು ಪಾರ್ಸೆಲ್ಲಿನ ವಂಶದ್ದಲ್ಲ, ತಂತಿಯ ವಂಶದ್ದು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶವನ್ನು ಕಳುಹಿಸಿದನು. 1982ರಲ್ಲಿ ಜಾನ್ ಪೋಸ್ಟೆಲ್ ಎಂಬಾತನು ಇಂತಹ ಸಂದೇಶಗಳು ಯಂತ್ರದಿಂದ ಯಂತ್ರಕ್ಕೆ ಸಾಗುವ ಕ್ರಮವನ್ನು ನಿಯಮರೂಪದಲ್ಲಿ ಬರೆದನು. ಎಸ್.ಎಂ.ಟಿ.ಪಿ. ಎಂದು ಹೆಸರಾದ ಈ ನಿಯಮವೇ ಪರಿಷ್ಕಾರಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಆ ಕಾಲದ ನಿಯಮದಂತೆ ಪತ್ರದಲ್ಲಿ ಹೋಗಬಹುದಾಗಿದ್ದುದು 1963ರಲ್ಲಿ ಮೊದಲು ನಿಗದಿಯಾದ ‘ಆಸ್ಕಿ’ ಎಂಬ ಪಟ್ಟಿಯ 128 ಸಂಕೇತಗಳು ಮಾತ್ರ. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಕೆಲವು ವಿರಾಮಚಿಹ್ನೆಗಳು, ಯಂತ್ರಕ್ಕೆ ಅಪ್ಪಣೆ ಕೊಡುವ ಕೆಲವು ಗುಪ್ತಸಂಕೇತಗಳು. 128 ಎಂಬುದು ಎರಡರ ಏಳನೆಯ ಘಾತವಾದ ಕಾರಣ, ಒಂದು ಸಂಕೇತಕ್ಕೆ ‘ಬಿಟ್’ ಎಂದು ಕರೆಯುವ ದ್ವಿಮಾನಾಂಕಗಳು ಏಳು ಸಾಕು. ಇದರ ಮೇಲೆ, ಒಂದು ಸಾಲು ಸಾವಿರ ಸಂಕೇತಗಳನ್ನು ಮೀರಕೂಡದೆಂಬ ಕಟ್ಟಳೆಯೂ ಇತ್ತು.

ಚಿತ್ರವಾಗಲಿ ಧ್ವನಿಯಾಗಲಿ ಅಂಕಪಟ್ಟಿಯಾಗಲಿ ಗಣಕದಲ್ಲಿ ಬೈಟುಗಳ ಸಾಲಾಗಿ ಇರುತ್ತದೆ. ಒಂದು ಬೈಟಿನಲ್ಲಿ ಎಂಟು ದ್ವಿಮಾನಾಂಕಗಳುಂಟು. ಅದರ ಬೆಲೆ 0ಯಿಂದ 255ರವರೆಗೆ ಯಾವುದೂ ಆಗಬಹುದು. ಇದನ್ನು ಏಳರ ದಾರಿಯಲ್ಲಿ ನೂಕಿದರೆ ನಡುವಿನ ಯಾವುದೋ ಯಂತ್ರ ಎಂಟನೆಯ ಅಂಕವನ್ನು ಕತ್ತರಿಸಿ ಎಸೆದರೂ ಎಸೆದೀತು. ಕತ್ತರಿಸಿದ ಕಡತದಿಂದ ಚಿತ್ರ ಮೂಡುವುದಿಲ್ಲ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಗಮನಿಸಬೇಕು. ಆ 128ರಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಆದುದರಿಂದ ಆ ತಂತಿಯ ದೃಷ್ಟಿಯಲ್ಲಿ ‘ಅ’ ಎಂಬ ಅಕ್ಷರಕ್ಕೂ ಒಂದು ಭಾವಚಿತ್ರಕ್ಕೂ ಭೇದವಿರಲಿಲ್ಲ. ಎರಡೂ ಸಮಾನವಾಗಿ ಅಪರಿಚಿತ. ಚಿತ್ರವನ್ನು ಕಳುಹಿಸಲು ಕಂಡುಕೊಂಡ ಉಪಾಯವೇ ಕನ್ನಡದ ಪತ್ರಕ್ಕೂ ದಾರಿಯಾಯಿತು.

ಉಪಾಯವನ್ನು ನಿಯಮವಾಗಿ ರೂಪಿಸಿದವರು ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ಅಮೆರಿಕನ್ನರು. 1992ನೆಯ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಾನೂ ಸೇರಿದ್ದ ನಾಲ್ವರ ಹಾಡುಗಾರರ ತಂಡದ ಒಂದು ಚಿತ್ರವನ್ನೂ ಅವರ ಹಾಡಿನ ಮುದ್ರಿಕೆಯನ್ನೂ ಮಿಂಚಂಚೆಯಲ್ಲಿ ಸೇರಿಸಿ ಕಳುಹಿಸಿದನು. ಅದೇ ವರ್ಷದ ಜೂನ್‌ನಲ್ಲಿ ನಿಯಮ ಪ್ರಕಟವಾಯಿತು. ಅದರ ಹೆಸರು ‘ಮೈಮ್’. ಇದರ ಸೊಗಸು ಇರುವುದು ಒಂದೇ ಕಡೆ: ತಂತಿಯನ್ನು ಅವರು ಬದಲಾಯಿಸಲಿಲ್ಲ. ಲೋಕದಾದ್ಯಂತ ಇದ್ದ ಅಂಚೆಯಂತ್ರಗಳನ್ನೆಲ್ಲ ಕಿತ್ತುಹಾಕುವ ಗೋಜಿಗೆ ಹೋಗದೆ, ಕಡತವನ್ನೇ ಅಕ್ಷರಗಳಾಗಿ ಬರೆದುಬಿಡುವ ದಾರಿಯನ್ನು ಹಿಡಿದರು. ಅಡಿಕೆಯನ್ನು ತಂತಿಯಲ್ಲಿ ಕಳುಹಿಸಲಾಗದು, ನಿಜ. ಆದರೆ ಕಡತವೆಂಬುದು ಅಡಿಕೆಯಂತಲ್ಲ, ಅದು ಬರಿಯ ಸಂಖ್ಯೆಗಳ ಸಾಲು. ಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆದರೆ ಏನೂ ನಷ್ಟವಾಗುವುದಿಲ್ಲ.

‘ಗುಬ್ಬಿ’ಯನ್ನು ಬರೆದು ನೋಡೋಣ

ಬರೆಯುವುದು ಹೇಗೆ? 128 ಸಂಕೇತಗಳಲ್ಲಿ ಗುಪ್ತಸಂಕೇತಗಳನ್ನೂ ದಾರಿಯಲ್ಲಿ ತೊಂದರೆ ಕೊಡಬಹುದಾದ ಚಿಹ್ನೆಗಳನ್ನೂ ಬಿಟ್ಟರೆ, ಯಾವ ಯಂತ್ರವೂ ಕೆಡಿಸದಂತಹ ಚಿಹ್ನೆಗಳು ನೂರಕ್ಕಿಂತ ಕಡಮೆ. ಅಷ್ಟರೊಳಗೆ ಅಡಗುವ ಎರಡರ ಅತಿ ದೊಡ್ಡ ಘಾತ 64. ಹೀಗೆ ಆರಿಸಿದ ಅರವತ್ತನಾಲ್ಕು ಚಿಹ್ನೆಗಳೆಂದರೆ ಇಂಗ್ಲಿಷಿನ ದೊಡ್ಡಕ್ಷರಗಳು 26, ಸಣ್ಣಕ್ಷರಗಳು 26, ಅಂಕಿಗಳು 10, ಕೂಡುವ ಗುರುತು ಹಾಗೂ ಓರೆಗೆರೆ. ದೊಡ್ಡಕ್ಷರಗಳಿಗೆ 0ಯಿಂದ 25, ಸಣ್ಣಕ್ಷರಗಳಿಗೆ 26ರಿಂದ 51, ಅಂಕಿಗಳಿಗೆ 52ರಿಂದ 61, ಕೂಡುವ ಗುರುತಿಗೆ 62, ಓರೆಗೆರೆಗೆ 63 ಎಂದು ಕ್ರಮಸಂಖ್ಯೆ. ಈ ಲಿಪಿಗೆ ‘ಬೇಸ್-64’ ಎಂದು ಹೆಸರು.

64 ಎಂಬುದು ಎರಡರ ಆರನೆಯ ಘಾತ. ಒಂದು ಚಿಹ್ನೆ ಆರು ದ್ವಿಮಾನಾಂಕಗಳನ್ನು ಹೊರಬಲ್ಲದು. ಬೈಟಿನಲ್ಲಿರುವುದು ಎಂಟು. ಎಂಟಕ್ಕೂ ಆರಕ್ಕೂ ಲ.ಸಾ.ಅ. 24. ಆದುದರಿಂದ ಮೂರು ಬೈಟುಗಳನ್ನು ಒಟ್ಟಿಗೆ ತೆಗೆದುಕೊಂಡು, ಇಪ್ಪತ್ತನಾಲ್ಕು ಅಂಕಗಳನ್ನು ಆರಾರರಂತೆ ಕತ್ತರಿಸಿ, ನಾಲ್ಕು ಚಿಹ್ನೆಗಳಾಗಿ ಬರೆಯಬೇಕು. ಕೊನೆಯಲ್ಲಿ ಒಂದೋ ಎರಡೋ ಬೈಟು ಮಾತ್ರ ಉಳಿದರೆ ಖಾಲಿ ಸ್ಥಳವನ್ನು ಸಮಚಿಹ್ನೆಯಿಂದ ತುಂಬುತ್ತಾರೆ. ವಿಧಾನವೆಲ್ಲ ಇಷ್ಟೇ.

‘ಗುಬ್ಬಿ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳು ದೊರೆತಿದ್ದವು; 3200ರಿಂದ 3327ರವರೆಗೆ. ಗಣಕಕ್ಕೆ ‘ಗುಬ್ಬಿ’ ಎಂದರೆ ಎರಡು ಅಕ್ಷರವಲ್ಲ, ಆರು ಸಂಕೇತ: ಗ, ಕೊಂಬು, ಬ, ಒತ್ತಕ್ಷರವನ್ನು ಸೂಚಿಸುವ ಹಲಂತ, ಮತ್ತೊಂದು ಬ, ಗುಡಿಸು. ‘ಗ’ದ ಸಂಖ್ಯೆ 3223. ಯು.ಟಿ.ಎಫ್.-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು. ‘ಗ’ದ ಮೂರು ಬೈಟುಗಳು 224, 178, 151. ದ್ವಿಮಾನದಲ್ಲಿ ಬರೆದರೆ,

11100000 10110010 10010111

ಎಂದಾಗುತ್ತದೆ. ಇದನ್ನೇ ಆರಾರರಂತೆ ಕತ್ತರಿಸಿದರೆ,

111000 001011 001010 010111

ಅಂದರೆ 56, 11, 10, 23. ಪಟ್ಟಿಯಲ್ಲಿ 56ನೆಯದು ಅಂಕಿ 4. 11ನೆಯದು ದೊಡ್ಡ ಎಲ್. 10ನೆಯದು ದೊಡ್ಡ ಕೆ. 23ನೆಯದು ದೊಡ್ಡ ಎಕ್ಸ್. ಸೊನ್ನೆಯಿಂದ ಎಣಿಸಬೇಕೆಂಬುದನ್ನು ಮರೆಯಬಾರದು. ಉಳಿದ ಐದನ್ನೂ ಹೀಗೆಯೇ ಮಾಡಿದರೆ ಸಿಗುವ ಫಲ ಇದು:

ಗ: 4, ಎಲ್, ಕೆ, ಎಕ್ಸ್
ಕೊಂಬು: 4, ಎಲ್, ಒ, ಬಿ
ಬ: 4, ಎಲ್, ಕೆ, ಸಣ್ಣ ಎಸ್
ಹಲಂತ: 4, ಎಲ್, ಒ, ಎನ್
ಬ: 4, ಎಲ್, ಕೆ, ಸಣ್ಣ ಎಸ್
ಗುಡಿಸು: 4, ಎಲ್, ಕೆ, ಓರೆಗೆರೆ

ಇದನ್ನು ಮೊದಲು ಕಾಗದದ ಮೇಲೆ ಮಾಡಿ ನೋಡಿದಾಗ ನನಗೆ ಬಹಳ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ. ಎಲ್ಲ ಸಾಲುಗಳೂ ‘4, ಎಲ್’ ಎಂದೇ ಆರಂಭವಾಗುತ್ತವೆ. ಮೂರನೆಯದು ಕೆ ಆಗಿರುತ್ತದೆ, ಇಲ್ಲವೇ ಒ. ಬದಲಾಗುವುದು ನಾಲ್ಕನೆಯದು ಮಾತ್ರ. ಕಾರಣ ಸರಳವಾಗಿದೆ. ಯು.ಟಿ.ಎಫ್.-8ರಲ್ಲಿ ಮೂರನೆಯ ಬೈಟು ಯಾವಾಗಲೂ 10 ಎಂಬ ಎರಡು ಅಂಕಗಳಿಂದ ಆರಂಭವಾಗುತ್ತದೆ. ಉಳಿದ ಆರು ಅಂಕಗಳು ಆ ಅಕ್ಷರದ ಸ್ವಂತ ಸ್ಥಾನವನ್ನು ಹೇಳುತ್ತವೆ. ಆರಾರರಂತೆ ಕತ್ತರಿಸುವಾಗ ಕತ್ತರಿ ಸರಿಯಾಗಿ ಆ ಎರಡರ ಪಕ್ಕದಲ್ಲೇ ಬೀಳುವುದರಿಂದ, ಸ್ವಂತದ ಆರು ಅಂಕಗಳು ಇಡಿಯಾಗಿ ನಾಲ್ಕನೆಯ ಚಿಹ್ನೆಗೆ ಬರುತ್ತವೆ. ಕನ್ನಡದ ಮೊದಲ 64 ಮನೆಗಳಿಗೆ ಕೆ, ಮುಂದಿನ 64ಕ್ಕೆ ಒ. ಪದಗಳ ನಡುವೆ ತೆರವು ಬಂದರೆ ಅದು ಒಂದೇ ಬೈಟಾದುದರಿಂದ ಕತ್ತರಿಯ ಸ್ಥಾನ ಜಾರಿ ಈ ಅಂದ ಕೆಡುತ್ತದೆ. ಕೆಟ್ಟುದು ನೋಟಕ್ಕೆ ಮಾತ್ರ, ಅರ್ಥಕ್ಕೆ ಲೋಪವಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಮೂರು ಬೈಟು ನಾಲ್ಕು ಚಿಹ್ನೆಯಾದರೆ 400 ಕಿಲೋಬೈಟಿನ ಹಾಳೆ 533 ಆಯಿತು. ಸಾಲು ಉದ್ದವಾಗಬಾರದೆಂದು 76 ಚಿಹ್ನೆಗಳಿಗೊಮ್ಮೆ ಸಾಲು ಮುರಿಯುತ್ತಾರೆ. ಪ್ರತಿ ಮುರಿತಕ್ಕೂ ಎರಡು ಬೈಟು ಹೆಚ್ಚು. ಒಟ್ಟು 547. ನಲವತ್ತೈದು ಹಾಳೆಗಳು 24,615 ಕಿಲೋಬೈಟು, ಮಿತಿಯ ಒಳಗಿದೆ. ನಲವತ್ತಾರು ಹಾಳೆಗಳು 25,162, ಮಿತಿ ಮೀರಿತು. ಬರೆಯುವಾಗ ಉಂಟಾದ ಈ ಉಬ್ಬು ಇಲ್ಲದಿದ್ದಿದ್ದರೆ ಐವತ್ತೆಂಟು ಪತ್ರಗಳೂ ಹೋಗಿಬಿಡುತ್ತಿದ್ದವು. ಇಂದು ಅನೇಕ ಅಂಚೆಯಂತ್ರಗಳು ಎಂಟು ಅಂಕಗಳನ್ನೂ ಸಾಗಿಸಬಲ್ಲವು. ಆದರೂ ದಾರಿಯುದ್ದಕ್ಕೂ ಅಂತಹವೇ ಇರುತ್ತವೆಂಬ ಭರವಸೆ ಇಲ್ಲದ ಕಾರಣ ಅಡಕಗಳನ್ನು ಈಗಲೂ ಬೇಸ್-64ರಲ್ಲೇ ಬರೆಯುತ್ತಾರೆ. ಮೂರರಲ್ಲೊಂದು ಪಾಲಿನಷ್ಟು ಹೆಚ್ಚಿನ ಹೊರೆಯನ್ನು ಇದಕ್ಕಾಗಿ ನಾವು ತೆರುತ್ತಿದ್ದೇವೆ.

ಗೂಡ್ಸ್ ಗಾಡಿ

ಹಾಗಾದರೆ ಸೂಜಿ ಎಲ್ಲಿದೆ? ಸೂಜಿಯೇ ಇಲ್ಲ. ಪತ್ರವೂ ಅಡಕವೂ ಒಂದೇ ಉದ್ದನೆಯ ಬರಹದ ಭಾಗಗಳು. ಎಲ್ಲಿ ಒಂದು ಮುಗಿದು ಇನ್ನೊಂದು ಆರಂಭವಾಗುತ್ತದೆಂದು ತಿಳಿಯಲು ನಡುವೆ ಗಡಿಸಾಲುಗಳನ್ನು ಇಡುತ್ತಾರೆ.

ಗುಬ್ಬಿ ನಿಲ್ದಾಣದ ಮೂಲಕ ಹಾದುಹೋಗುವ ಗೂಡ್ಸ್ ಗಾಡಿಯನ್ನು ನೆನೆದುಕೊಂಡರೆ ಈ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಮುಂದೆ ಎಂಜಿನ್: ಯಾರಿಂದ, ಯಾರಿಗೆ, ವಿಷಯವೇನು, ದಿನಾಂಕವೇನು ಎಂಬ ಶಿರೋಲೇಖಗಳು. ಗಡಿಸಾಲು ಯಾವುದೆಂದು ಮೊದಲೇ ಸಾರುವುದೂ ಅಲ್ಲಿಯೇ. ಅನಂತರ ಒಂದೊಂದಾಗಿ ವ್ಯಾಗನ್ನುಗಳು. ಪ್ರತಿಯೊಂದರ ಮೇಲೂ ಒಂದು ಚೀಟಿ: ಒಳಗಿರುವುದು ಬರಹವೋ ಚಿತ್ರವೋ, ಅದನ್ನು ಯಾವ ಲಿಪಿಯಲ್ಲಿ ಬರೆದಿದೆ, ಪತ್ರದೊಳಗೇ ತೋರಿಸಬೇಕೋ ಅಡಕವಾಗಿ ಬೇರೆ ಇಡಬೇಕೋ, ಕಡತದ ಹೆಸರೇನು. ಚೀಟಿಯ ಕೆಳಗೆ ಒಂದು ಖಾಲಿ ಸಾಲು, ಅದರ ಕೆಳಗೆ ಸರಕು. ರೈಲಿನ ಕಟ್ಟಕಡೆಯ ವಾಹನಕ್ಕೆ ‘ಎಲ್.ವಿ.’ ಎಂಬ ಫಲಕವನ್ನು ತೂಗುಹಾಕುವುದನ್ನು ನೀವು ನೋಡಿರಬಹುದು. ಅದು ಕಣ್ಣಿಗೆ ಬಿದ್ದರೆ ಗಾಡಿ ಇಡಿಯಾಗಿ ಬಂದಿದೆ, ನಡುವೆ ಯಾವ ವ್ಯಾಗನ್ನೂ ಕಳಚಿ ಉಳಿದಿಲ್ಲ ಎಂದು ನಿಲ್ದಾಣದವರಿಗೆ ಖಾತ್ರಿ. ಮಿಂಚಂಚೆಯಲ್ಲಿಯೂ ಇದೇ ಏರ್ಪಾಡುಂಟು. ಎಲ್ಲ ಗಡಿಸಾಲುಗಳ ಹಿಂದೆ ಎರಡು ಅಡ್ಡಗೆರೆಗಳಿರುತ್ತವೆ. ಕೊನೆಯ ಗಡಿಸಾಲಿನ ಮುಂದೆಯೂ ಮತ್ತೆರಡು ಅಡ್ಡಗೆರೆಗಳಿರುತ್ತವೆ. ಅವು ಕಾಣದಿದ್ದರೆ ಪತ್ರ ದಾರಿಯಲ್ಲಿ ತುಂಡಾಗಿದೆಯೆಂದು ಅರ್ಥ.

ಸರಕಿನೊಳಗೇ ಗಡಿಸಾಲಿನಂತಹ ಸಾಲು ಬಂದುಬಿಟ್ಟರೆ? ಸಂದೇಹ ಯುಕ್ತವಾದುದೇ. ಆದರೆ ಬೇಸ್-64ರ ಅರವತ್ತನಾಲ್ಕು ಚಿಹ್ನೆಗಳಲ್ಲಿ ಅಡ್ಡಗೆರೆ ಇಲ್ಲ. ಆದುದರಿಂದ ಆ ಲಿಪಿಯಲ್ಲಿ ಬರೆದ ಸರಕಿನಲ್ಲಿ ಗಡಿಸಾಲು ಎಂದಿಗೂ ಹುಟ್ಟಲಾರದು.

ಕಿಂಡಿ

ಇದನ್ನೆಲ್ಲ ನಾವು ಕೈಯಿಂದ ಬರೆಯಬೇಕಾಗಿಲ್ಲ. ಒಂದು ಕ್ರಮವಿಧಿಯು ಮತ್ತೊಂದರಿಂದ ಕೆಲಸ ಮಾಡಿಸಿಕೊಳ್ಳಲು ಗೊತ್ತುಮಾಡಿದ ದ್ವಾರಕ್ಕೆ ಎ.ಪಿ.ಐ. ಎನ್ನುತ್ತಾರೆ. ಅಂಚೆ ಕಚೇರಿಯ ಕಿಂಡಿಗೆ ಇದನ್ನು ಹೋಲಿಸಬಹುದು. ಒಳಗೆ ಚೀಲಗಳನ್ನು ಹೇಗೆ ವಿಂಗಡಿಸುತ್ತಾರೆಂಬುದು ಹೊರಗಿನವನಿಗೆ ತಿಳಿಯಬೇಕಾಗಿಲ್ಲ. ಯಾವ ನಮೂನೆಯನ್ನು ತುಂಬಿ ಯಾವ ಕಿಂಡಿಯಲ್ಲಿ ಕೊಡಬೇಕೆಂಬುದು ತಿಳಿದಿದ್ದರೆ ಸಾಕು. ಪೈಥಾನ್ ಭಾಷೆಯಲ್ಲಿ ಇಂತಹ ಏರ್ಪಾಡು ಭಾಷೆಯೊಡನೆಯೇ ಬರುತ್ತದೆ. ಖಾಲಿ ಪತ್ರವೊಂದನ್ನು ಕೊಡು ಎನ್ನುವುದು ಒಂದು ಅಪ್ಪಣೆ. ಇದು ಅದರ ಒಕ್ಕಣೆ ಎನ್ನುವುದು ಎರಡನೆಯದು. ಈ ಬೈಟುಗಳನ್ನು ಈ ಬಗೆಯ, ಈ ಹೆಸರಿನ ಅಡಕವಾಗಿ ಸೇರಿಸು ಎನ್ನುವುದು ಮೂರನೆಯದು. ಕಳುಹಿಸು ಎನ್ನುವುದು ನಾಲ್ಕನೆಯದು. ಲಿಪ್ಯಂತರ, ಸಾಲು ಮುರಿಯುವುದು, ಗಡಿಸಾಲು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಅಂಚೆಯನ್ನು ಸಾಗಿಸುವ ಕೆಲವು ಸಂಸ್ಥೆಗಳ ಕಿಂಡಿಗಳಲ್ಲಿ ನಾವು ಪತ್ರ ಕಟ್ಟುವ ಅಗತ್ಯವೇ ಇಲ್ಲ. ಅಡಕದ ಹೆಸರು, ಬಗೆ, ಬೇಸ್-64ರಲ್ಲಿ ಬರೆದ ಸರಕು, ಇವನ್ನು ನಮೂನೆಯ ಮನೆಗಳಲ್ಲಿ ತುಂಬಿಕೊಟ್ಟರೆ ಗಾಡಿಯನ್ನು ಅವರೇ ಜೋಡಿಸುತ್ತಾರೆ.

ಜಿಮೇಲಿನ ಕಿಂಡಿ ಮತ್ತೊಂದು ಬಗೆಯದು. ಅಲ್ಲಿ ಕಟ್ಟಿ ಮುಗಿಸಿದ ಇಡೀ ಪತ್ರವನ್ನು ಇನ್ನೊಮ್ಮೆ ಬೇಸ್-64ಕ್ಕೆ ಪರಿವರ್ತಿಸಿ ಒಂದು ಮನೆಯಲ್ಲಿ ಇಡಬೇಕು. ಆದರೆ ನಾವು ಕಂಡ ಲಿಪಿ ಅಲ್ಲ. ಅದರ ಒಂದು ಪಾಠಾಂತರ. ಜಾಲವಿಳಾಸಗಳಲ್ಲಿ ಓರೆಗೆರೆಗೂ ಕೂಡುವ ಗುರುತಿಗೂ ಬೇರೆ ಅರ್ಥಗಳಿರುವುದರಿಂದ, ಈ ಪಾಠಾಂತರದಲ್ಲಿ ಓರೆಗೆರೆಯ ಬದಲು ಅಡಿಗೆರೆಯನ್ನೂ ಕೂಡುವ ಗುರುತಿನ ಬದಲು ಅಡ್ಡಗೆರೆಯನ್ನೂ ಬರೆಯುತ್ತಾರೆ. ‘ಗುಬ್ಬಿ’ಯ ಕೊನೆಯ ಚಿಹ್ನೆ ಓರೆಗೆರೆಯಾಗಿದ್ದುದನ್ನು ನೆನೆಯಿರಿ. ಇದು ಆಕಸ್ಮಿಕವಲ್ಲ, ಗುಡಿಸು ಮೊದಲ 64 ಮನೆಗಳ ಕಟ್ಟಕಡೆಯದಾದುದರಿಂದ ಅದಕ್ಕೆ ಸಿಗುವ ಸಂಖ್ಯೆ 63. ಇಂಗ್ಲಿಷಿನ ಎರಡು ಪದಗಳನ್ನು ಕಳುಹಿಸಿ ಪರೀಕ್ಷಿಸುವವನಿಗೆ ಓರೆಗೆರೆ ಬಾರದೆ ಹೋಗಬಹುದು. ಹಳೆಯ ಲಿಪಿಯನ್ನೇ ಬಳಸಿದರೂ ತಪ್ಪು ಬಯಲಿಗೆ ಬರುವುದಿಲ್ಲ. ಗುಡಿಸಿನಿಂದ ತುಂಬಿರುವ ಕನ್ನಡದಲ್ಲಿ ಅದು ಬೇಗನೆ ತಲೆಹಾಕುತ್ತದೆ. ಕನ್ನಡದಲ್ಲಿ ಕ್ರಮವಿಧಿಗಳನ್ನು ಪರೀಕ್ಷಿಸಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಭಾಷಾಭಿಮಾನದಿಂದ ಮಾತ್ರವೇ ಅಲ್ಲ.

ತಪ್ಪು ನಡೆದ ಸ್ಥಳ

ಇನ್ನು ಮೊದಲನೆಯ ಪ್ರಶ್ನೆ. ಖಾಲಿ ಪತ್ರವನ್ನು ಕೊಡು ಎಂಬ ಅಪ್ಪಣೆಯನ್ನು ನಾನು ಕ್ರಮವಿಧಿಯ ಆರಂಭದಲ್ಲಿ, ಒಂದೇ ಬಾರಿ ಬರೆದಿದ್ದೆ. ಅದರ ಕೆಳಗೆ, 58 ಸಲ ಮರುಕಳಿಸುವ ಭಾಗದಲ್ಲಿ, ವಿಳಾಸ ಬದಲಿಸುವುದು, ಅಡಕ ಸೇರಿಸುವುದು, ಕಳುಹಿಸುವುದು ಇದ್ದವು. ವಿಳಾಸ ಬದಲಾಗುತ್ತಿತ್ತು; ಆದರೆ ಪತ್ರ ಹಳೆಯದೇ. ಸೇರಿಸು ಎಂದರೆ ಯಂತ್ರ ಸೇರಿಸಿತು. ಹಿಂದಿನದನ್ನು ತೆಗೆ ಎಂದು ಹೇಳಿದವರಾರು? ನನ್ನ ಮನಸ್ಸಿನಲ್ಲಿ ಸೂಜಿಯ ಚಿತ್ರವಿತ್ತು: ಒಂದು ಹಾಳೆಯನ್ನು ಚುಚ್ಚಿ ಕಳುಹಿಸಿದ ಮೇಲೆ ಸೂಜಿ ಖಾಲಿ. ಯಂತ್ರದಲ್ಲಿದ್ದುದು ಗಾಡಿ, ನಾನು ಪ್ರತಿ ನಿಲ್ದಾಣದಲ್ಲೂ ಒಂದು ವ್ಯಾಗನ್ನನ್ನು ಜೋಡಿಸುತ್ತಲೇ ಹೋದೆ.

ಗೈಗರ್-ಮ್ಯುಲ್ಲರ್ ಗಣಕದಿಂದ ವಿಕಿರಣವನ್ನು ಎಣಿಸುವ ಪ್ರಯೋಗವನ್ನು ಮಾಡಿದವರಿಗೆ ಇದು ಹೊಸದಲ್ಲ. ಒಂದು ಎಣಿಕೆ ಮುಗಿದ ಮೇಲೆ ಸೊನ್ನೆಗೆ ತರುವ ಗುಂಡಿಯನ್ನು ಒತ್ತದೆ ಮುಂದಿನ ಎಣಿಕೆಯನ್ನು ಆರಂಭಿಸಿದರೆ ಹಳೆಯದೂ ಹೊಸದೂ ಕೂಡಿಯೇ ಬರುತ್ತದೆ. ಪ್ರತಿ ವರ್ಷವೂ ಪ್ರಯೋಗಶಾಲೆಯಲ್ಲಿ ಹುಡುಗರನ್ನು ಇದಕ್ಕಾಗಿ ಗದರಿಸುವವನು ನಾನೇ. ಖಾಲಿ ಪತ್ರ ಕೇಳುವ ಒಂದು ಸಾಲನ್ನು ಮರುಕಳಿಸುವ ಭಾಗದ ಒಳಕ್ಕೆ ಸರಿಸಿದೊಡನೆ ತಪ್ಪು ಸರಿಹೋಯಿತು.

ಪರೀಕ್ಷಿಸಿದ್ದೆನಲ್ಲ, ಆಗಲೇ ಏಕೆ ಕಾಣಲಿಲ್ಲ? ಒಂದೇ ಪತ್ರವನ್ನು ಕಳುಹಿಸಿ ಪರೀಕ್ಷಿಸಿದ್ದೆ. ಮೊದಲನೆಯ ಪತ್ರದಲ್ಲಿ ಒಂದೇ ಅಡಕ ಇರುವುದು ತಪ್ಪಾದ ಕ್ರಮವಿಧಿಗೂ ಸರಿಯಾದುದಕ್ಕೂ ಸಮಾನ. ಎರಡು ಪತ್ರ ಕಳುಹಿಸಿದ್ದರೆ ಸಾಕಾಗಿತ್ತು. ಕಳುಹಿಸಿದ ಮಿಂಚಂಚೆಯನ್ನು ಹಿಂದಕ್ಕೆ ಕರೆಯುವಂತಿಲ್ಲ; ಅದು ಆಗಲೇ ಬೇರೊಂದು ಯಂತ್ರದಲ್ಲಿ ಪ್ರತಿಯಾಗಿ ನೆಲೆಸಿರುತ್ತದೆ. ಆ ರಾತ್ರಿ 45 ಮಂದಿಗೂ ತಪ್ಪೊಪ್ಪಿಕೊಂಡು ಬರೆದು, ಉಳಿದವರ ಹಾಳೆಗಳನ್ನು ತೆರೆಯದೆ ಅಳಿಸಬೇಕೆಂದು ಕೇಳಿಕೊಂಡೆ. ಈ ಪತ್ರಕ್ಕೆ ಅಡಕವೇನೂ ಇರಲಿಲ್ಲ.

ಕುಣಿಗಲಿನ ವಿದ್ಯಾರ್ಥಿನಿ ಮೂರನೆಯ ದಿನ ಬಂದಳು. ತರಗತಿ ಮುಗಿದ ಮೇಲೆ ನಿಂತು, “ನನ್ನದನ್ನು ಎಷ್ಟು ಜನ ನೋಡಿರಬಹುದು ಸಾರ್?” ಎಂದು ಕೇಳಿದಳು. ಸಮಾಧಾನದ ಮಾತು ಹೇಳುವುದಕ್ಕಿಂತ ಲೆಕ್ಕ ಹೇಳುವುದೇ ಸರಿಯೆಂದು ತೋರಿತು. ಮೂರನೆಯ ಹಾಳೆ ಮೂರನೆಯ ಪತ್ರದಿಂದ ನಲವತ್ತೈದನೆಯ ಪತ್ರದವರೆಗೂ ಹೋಗಿದೆ. ಆಕೆಯದೇ ಪತ್ರವನ್ನು ಬಿಟ್ಟರೆ 42 ಮಂದಿ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲನೆಯವನದು 44 ಜನಕ್ಕೆ ಹೋಗಿದೆ ಹಾಗಾದರೆ” ಎಂದಳು. ಹೌದೆಂದೆ.

ಮುಂದಿನ ವಾರ ಈ ಲಿಪಿಯನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ವಿವರಿಸಿದೆ. ನಾನು ‘ಗುಬ್ಬಿ’ಯನ್ನು ಬರೆದೆ. ಗುಡಿಸು ಇಲ್ಲದ ‘ತುಮಕೂರು’ ಪದಕ್ಕೆ ಓರೆಗೆರೆ ಬರುವುದಿಲ್ಲವೆಂಬುದನ್ನು ಗುಬ್ಬಿಯ ಹುಡುಗ ಹೇಳಿದ. ‘ಕುಣಿಗಲ್’ ಎಂಬುದನ್ನು ಆಕೆ ಎದ್ದುಬಂದು ತಾನೇ ಬರೆದಳು: ಏಳು ಸಂಕೇತ, 21 ಬೈಟು, 28 ಚಿಹ್ನೆ, ನಡುವೆ, ಹದಿನಾರನೆಯ ಸ್ಥಾನದಲ್ಲಿ, ಒಂದು ಓರೆಗೆರೆ. ಓದುಗರೂ ಕಾಗದ ಪೆನ್ಸಿಲು ಹಿಡಿದು ತಮ್ಮ ತಮ್ಮ ಊರಿನ ಹೆಸರನ್ನು ಬರೆದು ನೋಡಬಹುದು.